ಜೇನುಪೆಟ್ಟಿಗೆಯಲ್ಲಿ ನುಸಿ: ಗುರುತು ಹಿಡಿಯುವುದು, ಎಣಿಸುವುದು, ಹದ್ದುಬಸ್ತಿನಲ್ಲಿಡುವುದು

ನುಸಿ ಎಂದರೆ ನಮ್ಮ ಕಡೆ ಥಟ್ಟನೆ ನೆನಪಾಗುವುದು ತೆಂಗಿನಕಾಯಿಯ ನುಸಿ. ಜೇನಿನ ನುಸಿ ಅದರ ದೂರದ ನೆಂಟ. ತೆಂಗಿನದಕ್ಕೆ ನಾಲ್ಕೇ ಕಾಲು, ಇದಕ್ಕೆ ಎಂಟು. ತೆಂಗಿನದು ಬರಿಗಣ್ಣಿಗೆ ಕಾಣದು, ಇದು ಚೆನ್ನಾಗಿಯೇ ಕಾಣುತ್ತದೆ. ಆದರೂ ಪೆಟ್ಟಿಗೆ ತೆರೆದವರು 'ನಮ್ಮಲ್ಲಿ ನುಸಿಯೇ ಇಲ್ಲ' ಎಂದು ಮುಚ್ಚಿಬಿಡುತ್ತಾರೆ. ಅವರು ಹುಡುಕುವುದು ನೊಣದ ಬೆನ್ನ ಮೇಲೆ, ಅದು ಇರುವುದು ಎರಿಯಲ್ಲಿ ಮರಿ ಬೆಳೆಯುವ, ಮುಚ್ಚಳ ಬಿದ್ದ ಕಣದೊಳಗೆ. ಮರಿ ಇರುವ ಕಾಲದಲ್ಲಿ ಪೆಟ್ಟಿಗೆಯ ಬಹುಪಾಲು ನುಸಿ ಅಲ್ಲೇ ಅಡಗಿರುತ್ತದೆ. ಹಾಗಾಗಿ ಔಷಧಿಯ ಹೆಸರಿಗಿಂತ ಮೊದಲು ತಿಳಿಯಬೇಕಾದ್ದು ಮರಿಯ ಲೆಕ್ಕ: ಯಾವ ದಿನ ಮುಚ್ಚಳ ಬೀಳುತ್ತದೆ, ಯಾವ ದಿನ ನೊಣ ಹೊರಬರುತ್ತದೆ, ಯಾವಾಗ ಪೆಟ್ಟಿಗೆಯಲ್ಲಿ ಮರಿಯೇ ಇರುವುದಿಲ್ಲ.

ಯಾವ ಜೇನಿಗೆ ಯಾವ ನುಸಿ

ಬೆಂಗಳೂರಿನಲ್ಲಿ ಈ ನುಸಿಗಳಿಗೆ ಆಸರೆಯಾಗುವ ಜೇನು ನಾಲ್ಕು ಬಗೆ. ಅಪಾರ್ಟ್‌ಮೆಂಟಿನ ಸಜ್ಜಾ, ನೀರಿನ ಟ್ಯಾಂಕಿನ ಅಡಿಯಲ್ಲಿ ಜೋತುಬೀಳುವ ಹೆಜ್ಜೇನು. ಬೇಲಿಗಿಡದ ಕೊಂಬೆಗೆ ಅಂಗೈಯಗಲದ ಒಂದೇ ಎರಿ ಕಟ್ಟುವ ಕೋಲುಜೇನು. ಮರದ ಪೊಟರೆಯಲ್ಲೂ ಮೀಟರ್ ಬೋರ್ಡಿನ ಹಿಂದೆಯೂ ಸಂಸಾರ ಹೂಡುವ, ಪೆಟ್ಟಿಗೆಗೂ ಒಗ್ಗುವ ತುಡುವೆ. ಮತ್ತೆ ಹೊರದೇಶದಿಂದ ತಂದು ಸಾಕುತ್ತಿರುವ ಮೆಲ್ಲಿಫೆರಾ. ನಸರಿ ಅಥವಾ ಮುಜಂಟಿ ಬೇರೆ ವಂಶದ್ದು, ಅದನ್ನು ಈ ಲೆಕ್ಕದಿಂದ ಬಿಡಿ.

ತುಡುವೆಯ ಹಳೆಯ ಜೊತೆಗಾರ ವರ್ರೋವಾ. 1904ರಲ್ಲಿ ಜಾವಾದ ತುಡುವೆಯ ಮೇಲೆ ಸಿಕ್ಕ ನುಸಿಗೆ ವಿಜ್ಞಾನಿ ಔಡೆಮನ್ಸ್ ಇಟ್ಟ ಹೆಸರು ವರ್ರೋವಾ ಜಾಕೋಬ್ಸೋನಿ. ಮೆಲ್ಲಿಫೆರಾವನ್ನು ಜಗತ್ತಿನಾದ್ಯಂತ ಕಾಡುತ್ತಿರುವುದು ಬೇರೆಯೇ ಪ್ರಭೇದ ಎಂದು ಆಂಡರ್ಸನ್ ಮತ್ತು ಟ್ರೂಮನ್ 2000ದಲ್ಲಿ ತೋರಿಸಿ, ಅದಕ್ಕೆ ವರ್ರೋವಾ ಡಿಸ್ಟ್ರಕ್ಟರ್ ಎಂದು ಹೆಸರಿಟ್ಟರು. ಹಳೆಯ ಕೈಪಿಡಿಯಲ್ಲಿ ಮೆಲ್ಲಿಫೆರಾದ ಮೇಲೆ 'ಜಾಕೋಬ್ಸೋನಿ' ಎಂದಿದ್ದರೆ ಸಾಮಾನ್ಯವಾಗಿ ಡಿಸ್ಟ್ರಕ್ಟರ್ ಎಂದೇ ಓದಿಕೊಳ್ಳಬೇಕು. ಹೆಜ್ಜೇನಿನದು ಟ್ರೊಪಿಲೀಲಾಪ್ಸ್. ನಮ್ಮ ಕಡೆಯ ಹಳೆಯ ಟಿಪ್ಪಣಿಗಳು ಕ್ಲಾರೆ ಎಂದು ಕರೆದದ್ದನ್ನು 2007ರಿಂದ ಮರ್ಸಿಡೆಸೆ ಎನ್ನುತ್ತಾರೆ. ಕೋಲುಜೇನಿನದು ಯೂವರ್ರೋವಾ ಸಿನ್ಹಾಯಿ. ಅದು ಗಂಡುಮರಿಯನ್ನು ಬಿಟ್ಟು ಆಚೆ ಹೋಗದ ಸಾಧು.

ಈ ಮೂರು ಜೇನಿಗೂ ಅವುಗಳ ನುಸಿಗೂ ಬಹುಕಾಲದ ಒಡನಾಟ, ನಡುವೆ ಒಂದು ಒಪ್ಪಂದವಿದ್ದ ಹಾಗಿದೆ. ಮೆಲ್ಲಿಫೆರಾಕ್ಕೆ ಅಂಥ ಒಪ್ಪಂದ ಯಾವುದೂ ಇಲ್ಲ. ತುಡುವೆಯ ನುಸಿಯೂ ಹೆಜ್ಜೇನಿನ ನುಸಿಯೂ ಅದರ ಮೇಲೆ ಒಟ್ಟಿಗೇ ಬೀಳುತ್ತವೆ. ನಗರದಲ್ಲಿ ಮೆಲ್ಲಿಫೆರಾ ಸಾಕುವವರು ಇದನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು.

ಬರಿಗಣ್ಣಲ್ಲಿ ಗುರುತಿಸುವುದು ಹೀಗೆ. ಹೆಣ್ಣು ವರ್ರೋವಾ ಉದ್ದಕ್ಕಿಂತ ಅಗಲ ಜಾಸ್ತಿ: ಅಗಲ 1.6 ಮಿ.ಮೀ., ಉದ್ದ 1.1 ಮಿ.ಮೀ. ಬಣ್ಣವೂ ಗಾತ್ರವೂ ಹೆಚ್ಚುಕಡಿಮೆ ರಾಗಿಕಾಳಿನದೇ, ಆದರೆ ಚಪ್ಪಟೆ, ಏಡಿಯ ಬೆನ್ನಿನ ಹಾಗೆ. ಟ್ರೊಪಿಲೀಲಾಪ್ಸ್ ಉದ್ದುದ್ದ: ಸುಮಾರು 1 ಮಿ.ಮೀ. ಉದ್ದ, ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಗಲ. ಇದರ ನಿಜವಾದ ಗುರುತು ಓಟ. ವರ್ರೋವಾ ನಿಧಾನಕ್ಕೆ ತೆವಳಿದರೆ ಇದು ಎರಿಯ ಮೇಲೆ ಸರ್ರನೆ ಓಡಿ ಪಕ್ಕದ ಕಣಕ್ಕೆ ಇಳಿದುಬಿಡುತ್ತದೆ. ಹೂವಿಂದ ಹೂವಿಗೆ ನೊಣದ ಮೈಮೇಲೆ ಸವಾರಿ ಮಾಡಿ ಪರಾಗ ತಿನ್ನುವ ಮಾಸಲು ಬಣ್ಣದ ನುಸಿಗಳೂ ಇವೆ. ಅವು ನೊಣವನ್ನು ಕಚ್ಚುವುದಿಲ್ಲ. ಅಡಿಮಣೆಯ ಸಂದಿಯಲ್ಲಿ ಬಾಲವಿಲ್ಲದ ಪುಟಾಣಿ ಚೇಳಿನಂಥದ್ದು ಕಂಡರೆ ಅದು ಹುಸಿಚೇಳು, ಅದರ ಪಾಡಿಗೆ ಬಿಡಿ.

ಮುಚ್ಚಳದ ಹಿಂದಿನ ಹನ್ನೆರಡು ದಿನ

ಮೆಲ್ಲಿಫೆರಾದ ಕೆಲಸಗಾರ ಮರಿಯ ಕಣ ಮುಚ್ಚುವುದಕ್ಕೆ 15–20 ಗಂಟೆ ಮೊದಲು ತಾಯಿ ವರ್ರೋವಾ ಒಳಗೆ ಇಳಿಯುತ್ತದೆ. ಗಂಡುಮರಿಯ ಕಣವಾದರೆ 40–50 ಗಂಟೆ ಮೊದಲೇ. ಹುಳುವಿನ ಅಡಿಯ ಆಹಾರದಲ್ಲಿ ಮುಳುಗಿ, ಉಸಿರುಕೊಳವೆ ಮಾತ್ರ ಮೇಲೆ ಚಾಚಿ ಕಾಯುತ್ತದೆ. ಮುಚ್ಚಳ ಬಿದ್ದು ಸುಮಾರು 70 ಗಂಟೆಗೆ ಮೊದಲ ಮೊಟ್ಟೆ, ಅದು ಗಂಡು. ಆಮೇಲೆ ಸುಮಾರು 30 ಗಂಟೆಗೊಂದರಂತೆ ಹೆಣ್ಣು ಮೊಟ್ಟೆಗಳು. ಹೆಣ್ಣು ಬೆಳೆದು ನಿಲ್ಲಲು ಹತ್ತಿರ ಹತ್ತಿರ 6 ದಿನ, ಅಂದರೆ 140 ಗಂಟೆ ಬೇಕು.

ಈಗ ಲೆಕ್ಕ ಹಾಕಿ. ಕೆಲಸಗಾರ ಮರಿ ಮುಚ್ಚಳದೊಳಗೆ ಇರುವುದು 12 ದಿನ, 288 ಗಂಟೆ. ಮೊದಲ ಮಗಳು 100ನೇ ಗಂಟೆಗೆ ಮೊಟ್ಟೆಯಾಗಿ 240ಕ್ಕೆ ಸಿದ್ಧ. ಎರಡನೆಯವಳು 270ಕ್ಕೆ. ಮೂರನೆಯವಳಿಗೆ 300 ಬೇಕು, ಅಷ್ಟರಲ್ಲಿ ನೊಣ ಮುಚ್ಚಳ ಕಡಿದು ಹೊರಬಂದಿರುತ್ತದೆ, ಅರೆಬೆಳೆದದ್ದು ಒಣಗಿ ಸಾಯುತ್ತದೆ. ಗಂಡುಮರಿ ಎರಡು ಮೂರು ದಿನ ಹೆಚ್ಚು ಒಳಗಿರುತ್ತದೆ, ಹಾಗಾಗಿ ಅಲ್ಲಿ ಮೂರನೆಯವಳೂ ನಾಲ್ಕನೆಯವಳೂ ದಡ ಸೇರಬಹುದು. ನಡುವೆ ಸಾಯುವುದು, ಕೂಡದೆ ಉಳಿಯುವುದು ಎಲ್ಲ ಕಳೆದು ಸರಾಸರಿ ಉಳಿಯುವುದು ಕೆಲಸಗಾರ ಕಣದಲ್ಲಿ ಒಂದೂವರೆಗಿಂತ ತುಸು ಕಡಿಮೆ, ಗಂಡು ಕಣದಲ್ಲಿ ಎರಡಕ್ಕೂ ಮೇಲೆ. ಗಂಡುಮರಿಯನ್ನು ಕತ್ತರಿಸಿ ತೆಗೆಯುವ ಉಪಾಯದ ಹಿಂದಿರುವುದು ಇಷ್ಟೇ ಗಣಿತ.

ಅಣ್ಣ ತಂಗಿಯರೇ ಕಣದೊಳಗೆ ಕೂಡುತ್ತವೆ. ಗಂಡು ನುಸಿ ಹೊರಲೋಕ ಕಾಣುವುದೇ ಇಲ್ಲ. ಹೊರಬಂದ ಹೆಣ್ಣು ದೊಡ್ಡ ನೊಣದ ಹೊಟ್ಟೆಯ ಪದರಗಳ ಸಂದಿಗೆ ನುಸುಳಿ ಕೆಲವು ದಿನ ಕೂರುತ್ತದೆ. ಅಲ್ಲಿ ಅದು ಮುಖ್ಯವಾಗಿ ತಿನ್ನುವುದು ನೊಣದ ಕೊಬ್ಬಿನ ಅಂಗಾಂಶ ಎಂದು 2019ರಲ್ಲಿ ಸ್ಯಾಮ್ಯುಯೆಲ್ ರಾಮ್ಸೆ ಮತ್ತು ಸಂಗಡಿಗರು ತೋರಿಸಿದರು. ತಿಂದದ್ದಕ್ಕಿಂತ ದೊಡ್ಡ ನಷ್ಟ ಅದು ಚುಚ್ಚಿ ಸೇರಿಸುವ ವೈರಸ್ಸಿನದು. ಪೆಟ್ಟಿಗೆಯ ಬಾಗಿಲ ಮುಂದೆ ಮುದುಡಿದ ರೆಕ್ಕೆಯ ಎಳೆ ನೊಣಗಳು ತೆವಳುತ್ತಿದ್ದರೆ ರೆಕ್ಕೆ ಮುದುಡಿಸುವ ವೈರಸ್ ಒಳಗೆ ತುಂಬಿದೆ ಎಂದರ್ಥ.

ಟ್ರೊಪಿಲೀಲಾಪ್ಸ್‌ಗೆ ಅಷ್ಟು ತಾಳ್ಮೆ ಇಲ್ಲ. ಅದರ ಬಾಯಿ ದೊಡ್ಡ ನೊಣದ ಗಟ್ಟಿ ಮೈ ಚುಚ್ಚಲಾರದು, ಮರಿಯೇ ಬೇಕು. ನೊಣದ ಮೇಲೆ ಒಂದೆರಡು ದಿನ ಕಳೆದು ಮತ್ತೆ ಕಣಕ್ಕೆ ಇಳಿಯುತ್ತದೆ, ಹಾಗಾಗಿ ಇದರ ಸಂಖ್ಯೆ ವರ್ರೋವಾಕ್ಕಿಂತ ಬೇಗ ಏರುತ್ತದೆ. ಸೋಲುವುದೂ ಅಲ್ಲೇ: ಕೆಲವೇ ದಿನ ಮರಿ ಸಿಗದಿದ್ದರೆ ಹಸಿದು ಸಾಯುತ್ತದೆ. ಹೆಜ್ಜೇನು ವರ್ಷಕ್ಕೊಮ್ಮೆ ಎರಿ ಬಿಟ್ಟು ವಲಸೆ ಹೊರಟಾಗ ಮರಿಯಿಲ್ಲದ ದಾರಿಯಲ್ಲಿ ತನ್ನ ನುಸಿಯನ್ನು ಬಹುಮಟ್ಟಿಗೆ ಕೊಡವಿಕೊಳ್ಳುತ್ತದೆ. ಪೆಟ್ಟಿಗೆಯ ಜೇನಿಗೆ ವಲಸೆ ಇಲ್ಲ, ಆ ವಿರಾಮವನ್ನು ನಾವು ಮಾಡಿಕೊಡಬೇಕು.

ತುಡುವೆ ಇಟ್ಟವರಿಗೆ

ತುಡುವೆಯ ಕೆಲಸಗಾರ ಕಣದಲ್ಲಿ ನುಸಿ ಹೊಕ್ಕರೆ ಆ ಮರಿ ಬೇಗನೆ ನಿತ್ರಾಣವಾಗುತ್ತದೆ. ದಾದಿ ನೊಣಗಳು ವಾಸನೆ ಹಿಡಿದು ಅದನ್ನು ನುಸಿಯ ಸಮೇತ ಎಳೆದು ಬಿಸಾಡುತ್ತವೆ. ಉಳಿಯುವುದು ಗಂಡುಮರಿ ಮಾತ್ರ, ಅದೂ ಕುಟುಂಬ ಒಡೆದು ಪಾಲಾಗುವ ಕಾಲದಲ್ಲಷ್ಟೇ. ಎರಿಯ ಕೆಳಅಂಚನ್ನು ಬೆಳಕಿಗೆ ಹಿಡಿದು ನೋಡಿ: ಗಂಡು ಕಣದ ಮುಚ್ಚಳ ಕೋನಾಕಾರಕ್ಕೆ ಉಬ್ಬಿ, ತುದಿಯಲ್ಲಿ ಸೂಜಿ ಚುಚ್ಚಿದಂಥ ಒಂದು ತೂತಿರುತ್ತದೆ. ಇದು ತುಡುವೆಯ ಸಹಜ ಗುರುತು, ರೋಗವಲ್ಲ. ಆ ಮುಚ್ಚಳದೊಳಗಿನ ಗಟ್ಟಿ ಪದರವನ್ನು ಒಳಗಿನಿಂದ ಗಂಡುನೊಣವೇ ಕಡಿದು ಬರಬೇಕು. ಮೂರು ನಾಲ್ಕು ನುಸಿ ಹೊಕ್ಕ ಮರಿಗೆ ಆ ಶಕ್ತಿ ಇರುವುದಿಲ್ಲ, ಅದು ಒಳಗೇ ಸಾಯುತ್ತದೆ, ನೊಣಗಳು ತೆರೆಯುವುದಿಲ್ಲ, ನುಸಿಗಳಿಗೂ ಅದೇ ಗೋರಿ. ತೂತಿಗೆ ಮೇಣ ಮೆತ್ತಿದ ಹಳೆಯ ಗಂಡು ಕಣಗಳನ್ನು ಕುತೂಹಲಕ್ಕೆ ಕೆದಕಬೇಡಿ. ಕೆದಕಿದರೆ ನೀವೇ ಬಿಡುಗಡೆ ಮಾಡಿಕೊಟ್ಟಂತೆ.

ತುಡುವೆಗೆ ನುಸಿ ಕೊಲ್ಲುವ ಆಸಿಡ್ ಇಡುವುದು ನಮ್ಮ ಅಭಿಪ್ರಾಯದಲ್ಲಿ ಬಹುಪಾಲು ಸಲ ಬೇಡದ ಕೆಲಸ. ಘಾಟು ತಾಳದೆ ಕುಟುಂಬವೇ ಎರಿ ಬಿಟ್ಟು ಹಾರಿಹೋಗುವ ಅಪಾಯ ನುಸಿಯ ಅಪಾಯಕ್ಕಿಂತ ದೊಡ್ಡದು. ಇನ್ನೂ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ತುಡುವೆಯಲ್ಲಿ ಮರಿ ಸಾಯುತ್ತಿದ್ದರೆ ಮೊದಲ ಗುಮಾನಿ ನುಸಿಯ ಮೇಲಲ್ಲ, ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಮೇಲೆ ಬೀಳಬೇಕು. 1991–92ರಲ್ಲಿ ಕರ್ನಾಟಕದ ತುಡುವೆಯನ್ನು ಬುಡಸಮೇತ ಅಲುಗಾಡಿಸಿದ್ದು ಅದೇ. ಸತ್ತ ಹುಳು ಕಣದೊಳಗೆ ಉದ್ದಕ್ಕೆ ಮಲಗಿ, ತಲೆ ಮೇಲಕ್ಕೆತ್ತಿ, ಚಿಮಟದಲ್ಲಿ ಎತ್ತಿದಾಗ ನೀರು ತುಂಬಿದ ಚೀಲದ ಹಾಗೆ ಜೋತರೆ ಅದು ವೈರಸ್. ಅದಕ್ಕೆ ನುಸಿಯ ಮದ್ದು ಕೆಲಸ ಮಾಡದು.

ಮೆಲ್ಲಿಫೆರಾ ಪೆಟ್ಟಿಗೆಯಲ್ಲಿ ಎಣಿಕೆ

ಬೇಕಾದ್ದು: ಅರ್ಧ ಲೀಟರಿನ ಅಗಲ ಬಾಯಿಯ ಉಪ್ಪಿನಕಾಯಿ ಡಬ್ಬಿ, ಸುಮಾರು 2.5–3 ಮಿ.ಮೀ. ಕಿಂಡಿಯ ತಂತಿ ಜಾಲರಿ (ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ತುಂಡು ಕೊಡುತ್ತಾರೆ), ಬಿಳಿ ತಟ್ಟೆ, 100 ಮಿ.ಲೀ. ಅಳತೆಯ ಲೋಟ, ಮನೆಯಲ್ಲೇ ನುಣ್ಣಗೆ ಬೀಸಿದ ಸಕ್ಕರೆಪುಡಿ. ಡಬ್ಬಿಯ ಮುಚ್ಚಳದ ನಡುಭಾಗ ಕತ್ತರಿಸಿ ಜಾಲರಿ ಕೂರಿಸಿ.

1. ತೆರೆದ ಮರಿ ಇರುವ ಚೌಕಟ್ಟು ಆರಿಸಿ. ದಾದಿ ನೊಣಗಳು ಅಲ್ಲಿರುತ್ತವೆ, ನುಸಿಗೂ ಅವೇ ಇಷ್ಟ. ಜೇನು ಕೊಠಡಿಯಿಂದ (ಜೇನು ಕೂಡಿಡುವ ಮೇಲಂತಸ್ತು) ತೆಗೆದರೆ ಲೆಕ್ಕ ಸುಳ್ಳೇ ಕಡಿಮೆ ಬರುತ್ತದೆ.
2. ರಾಣಿ ಆ ಚೌಕಟ್ಟಿನಲ್ಲಿ ಇಲ್ಲವೆಂದು ಎರಡು ಸಲ ನೋಡಿ. ರಾಣಿ ಬೇರೆ ಚೌಕಟ್ಟಿನಲ್ಲಿ ಕಾಣುವವರೆಗೆ ಮುಂದಿನ ಹೆಜ್ಜೆ ಬೇಡ.
3. ಚೌಕಟ್ಟನ್ನು ಟಬ್ಬಿಗೆ ಕೊಡವಿ, 100 ಮಿ.ಲೀ. ಲೋಟ ತುಂಬ ನೊಣ ಎತ್ತಿ ಡಬ್ಬಿಗೆ ಹಾಕಿ. ಇದು ಸುಮಾರು 300 ಮೆಲ್ಲಿಫೆರಾ ನೊಣ.
4. ಎರಡು ದೊಡ್ಡ ಚಮಚ ಸಕ್ಕರೆಪುಡಿ ಜಾಲರಿಯ ಮೂಲಕ ಉದುರಿಸಿ, ಡಬ್ಬಿ ಉರುಳಿಸಿ, ನೆರಳಲ್ಲಿ 2 ನಿಮಿಷ ಬಿಡಿ. ಮೈ ಬಿಸಿಯಾಗಿ ನುಸಿಯ ಹಿಡಿತ ಸಡಿಲವಾಗಲು ಈ ಹೊತ್ತು ಬೇಕು.
5. ಡಬ್ಬಿ ತಲೆಕೆಳಗು ಮಾಡಿ ತಟ್ಟೆಯ ಮೇಲೆ ಪೂರ್ತಿ ಒಂದು ನಿಮಿಷ ಜೋರಾಗಿ ಕುಲುಕಿ. ಬಿದ್ದ ಪುಡಿಗೆ ನೀರು ಚಿಮುಕಿಸಿದರೆ ಸಕ್ಕರೆ ಕರಗಿ ಕೆಂಪು ನುಸಿ ಎದ್ದು ಕಾಣುತ್ತದೆ.
6. ನೊಣಗಳನ್ನು ಪೆಟ್ಟಿಗೆಯ ಬಾಗಿಲಿಗೆ ಸುರಿಯಿರಿ. ಬೆಳ್ಳಗೆ ಬಳಿದುಕೊಂಡು ಬೈಯುತ್ತಾ ಒಳಗೆ ಹೋಗುತ್ತವೆ, ಸಾಯುವುದಿಲ್ಲ.

ಜುಲೈ–ಆಗಸ್ಟ್‌ನ ತೇವದಲ್ಲಿ ಸಕ್ಕರೆ ಗಂಟುಕಟ್ಟಿ ನುಸಿ ಉದುರದೆ ಉಳಿಯುತ್ತದೆ. ಆಗ ಸರ್ಜಿಕಲ್ ಸ್ಪಿರಿಟ್‌ನಲ್ಲಿ ತೊಳೆಯುವುದೇ ನಂಬಲರ್ಹ. 300 ನೊಣ ಸಾಯುತ್ತವೆ ನಿಜ, ಆದರೆ ಲೆಕ್ಕ ಕರಾರುವಾಕ್ಕಾಗಿರುತ್ತದೆ. ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಜೋಳದ ಹಿಟ್ಟು ಬೆರೆತಿರುತ್ತದೆ, ಅದು ಬೇಡ.

ಅಡಿಮಣೆಯ ಮೇಲೆ ವ್ಯಾಸಲಿನ್ ಸವರಿದ ಬಿಳಿ ಹಾಳೆ ಇಟ್ಟು, ಮೇಲೆ ಜಾಲರಿ ಹಾಸಿ, ಉದುರಿದ ನುಸಿ ಎಣಿಸುವ ವಿಧಾನವೂ ಇದೆ. ನಮ್ಮೂರಲ್ಲಿ ಅದಕ್ಕೆ ಇರುವೆ ಶತ್ರು. ರಾತ್ರೋರಾತ್ರಿ ಬಿದ್ದ ನುಸಿಯನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ, ಬೆಳಗ್ಗೆ ಹಾಳೆ ಖಾಲಿ, ಸಾಕುವವರು ಖುಷಿ. ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಟ್ಟಿರದಿದ್ದರೆ ಆ ಲೆಕ್ಕ ನಂಬಬೇಡಿ.

ಟ್ರೊಪಿಲೀಲಾಪ್ಸ್‌ಗೆ ಸಕ್ಕರೆ ಎಣಿಕೆ ಸಾಲದು, ಅದು ನೊಣದ ಮೇಲೆ ಇರುವುದೇ ಕಡಿಮೆ. ಮುಚ್ಚಿದ ಮರಿಯ ಚೌಕಟ್ಟಿನಿಂದ ನೊಣಗಳನ್ನು ಕೊಡವಿ, ಬಿಳಿ ಅಗಲ ಟ್ರೇ ಮೇಲೆ ಚೌಕಟ್ಟಿನ ಅಂಚನ್ನು ಎರಡೂ ಕಡೆಯಿಂದ ಎರಡೆರಡು ಸಲ ಗಟ್ಟಿಯಾಗಿ ಬಡಿಯಿರಿ. ಬಿದ್ದು ಓಡುವುದೇ ಅದು. ಜೊತೆಗೆ ನೂರು ಮುಚ್ಚಿದ ಕಣ ತೆರೆದು ಒಳಗೋಡೆ ನೋಡಿ. ಮುಚ್ಚಳಗಳು ಅಲ್ಲಲ್ಲಿ ಕಡಿದ ಹಾಗೆ, ಮರಿಯ ಹರವು ತೇಪೆ ಹಾಕಿದ ಹಾಗೆ ಇದ್ದರೆ ಎಣಿಸುವ ಮೊದಲೇ ಉತ್ತರ ಗೊತ್ತಾಗಿರುತ್ತದೆ.

300 ನೊಣಕ್ಕೆ 6 ವರ್ರೋವಾ ಅಂದರೆ ನೂರಕ್ಕೆ 2. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಎಣಿಸುತ್ತಾ ಕಾಯಬಹುದು. 9 ಮುಟ್ಟಿದರೆ ಕೈ ಹಾಕಲೇಬೇಕು. ಟ್ರೊಪಿಲೀಲಾಪ್ಸ್ ಒಂದೆರಡು ಕಂಡರೂ ಕಾಯಬೇಡಿ.

ಔಷಧಿಗೆ ಮೊದಲು ಮರಿ ವಿರಾಮ

ರಾಣಿಯನ್ನು ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸುವುದು ಎರಡೂ ನುಸಿಗೆ ಹೊಂದುವ ದಾರಿ. ಸಂಸಾರ ಕೊಠಡಿಯ (ಮರಿ ಬೆಳೆಯುವ ಕೆಳಅಂತಸ್ತು) ನಡುವಿನ ಎರಡು ಚೌಕಟ್ಟುಗಳ ಸಂದಿಯಲ್ಲಿ, ನೊಣಗಳು ಹಾಯ್ದು ರಾಣಿಗೆ ಉಣಿಸುವಂಥ ಪಂಜರ ಇರಲಿ. 21ನೇ ದಿನಕ್ಕೆ ಕೊನೆಯ ಕೆಲಸಗಾರ ಮರಿ ಹೊರಬರುತ್ತದೆ, 24ಕ್ಕೆ ಕೊನೆಯ ಗಂಡು. 24ನೇ ದಿನ ರಾಣಿಯನ್ನು ಬಿಡಿ. ಅಷ್ಟರಲ್ಲಿ ಟ್ರೊಪಿಲೀಲಾಪ್ಸ್ ಬಹುತೇಕ ಹಸಿದು ಸತ್ತಿರುತ್ತದೆ. ವರ್ರೋವಾ ಸಾಯುವುದಿಲ್ಲ, ಆದರೆ ಅಡಗಲು ಜಾಗವಿಲ್ಲದೆ ಪೂರ್ತಿ ನೊಣಗಳ ಮೇಲೆ ಬಂದಿರುತ್ತದೆ. ಹೊಸ ಮರಿಗೆ ಮುಚ್ಚಳ ಬೀಳಲು ಇನ್ನೂ 8–9 ದಿನ ಇದೆ. ಆಕ್ಸಾಲಿಕ್ ಆಸಿಡ್ ಹನಿಸಬೇಕಾದ್ದು ಆ ಕಿಟಕಿಯ ಮೊದಲ ವಾರದಲ್ಲಿ.

ಅಳತೆ: ಸಕ್ಕರೆ, ನೀರು ಸಮತೂಕದ 1 ಲೀಟರ್ ಪಾಕಕ್ಕೆ 35 ಗ್ರಾಂ ಆಕ್ಸಾಲಿಕ್ ಆಸಿಡ್ ಹರಳು. ಪಾಕ ಬೆಚ್ಚಗಿದ್ದರೆ ಸಾಕು, ಕುದಿಸಿದರೆ ನೊಣಕ್ಕೆ ವಿಷವಾಗುವ ವಸ್ತು ಹುಟ್ಟುತ್ತದೆ. ಕಂದುಬಣ್ಣಕ್ಕೆ ತಿರುಗಿದ್ದನ್ನು ಚೆಲ್ಲಿಬಿಡಿ. ನೊಣ ತುಂಬಿದ ಪ್ರತಿ ಸಂದಿಗೆ ಸಿರಿಂಜಿನಲ್ಲಿ 5 ಮಿ.ಲೀ., ಇಡೀ ಕುಟುಂಬಕ್ಕೆ 50 ಮೀರಬಾರದು. ಅಡುಗೆಮನೆಯ ತಕ್ಕಡಿ ಇದಕ್ಕೆ ಒರಟು, ಚಿನ್ನ ತೂಗುವಂಥ ಸಣ್ಣ ತಕ್ಕಡಿ ತನ್ನಿ. ತುಕ್ಕು ತೆಗೆಯಲು ಮಾರುವ ಪುಡಿ ಬೇಡ, ಪ್ರಯೋಗಾಲಯದ ಶುದ್ಧತೆಯದು ಬೇಕು. ಮುಚ್ಚಿದ ಮರಿ ಇರುವಾಗ ಇದನ್ನು ಹನಿಸಿದರೆ ದುಡ್ಡು ದಂಡ, ಮುಚ್ಚಳ ದಾಟುವ ಶಕ್ತಿ ಇದಕ್ಕಿಲ್ಲ.

ಮುಚ್ಚಳ ದಾಟುವುದು ಫಾರ್ಮಿಕ್ ಆಸಿಡ್‌ನ ಆವಿ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುವುದೂ ಇದೇ. ರೂಢಿಯ ಕ್ರಮ: 85% ಆಸಿಡ್ 5 ಮಿ.ಲೀ., ಹತ್ತಿಯ ಬತ್ತಿ ಇಟ್ಟ ಸಣ್ಣ ಗಾಜಿನ ಶೀಶೆಯಲ್ಲಿ, ಸಂಜೆ ಅಡಿಮಣೆಯ ಮೇಲೆ, ಎರಡು ವಾರ ದಿನವೂ. ಬಾಗಿಲು ಪೂರ್ತಿ ತೆರೆದಿರಲಿ. ಹಗಲಿನ ಬಿಸಿ 30 ಡಿಗ್ರಿ ದಾಟುವ ಮಾರ್ಚ್–ಮೇ ತಿಂಗಳಲ್ಲಿ ಆವಿ ಒಮ್ಮೆಲೇ ಏಳುತ್ತದೆ, ರಾಣಿ ಸಾಯುವುದು ಆಗಲೇ. ರಬ್ಬರ್ ಕೈಗವಸು, ಕನ್ನಡಕ ಕಡ್ಡಾಯ. ತೆಳುವಾಗಿಸುವುದಿದ್ದರೆ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ಟ್ರೊಪಿಲೀಲಾಪ್ಸ್‌ಗೆ ಚೌಕಟ್ಟಿನ ಮೇಲ್ಪಟ್ಟಿಗೆ ತಲಾ 200 ಮಿ.ಗ್ರಾಂ ಗಂಧಕದ ಪುಡಿ ಉದುರಿಸುವ ಹಳೆಯ ಶಿಫಾರಸೂ ಇದೆ. 200 ಮಿ.ಗ್ರಾಂ ಅಂದರೆ ಎರಡು ಬೆರಳಿನ ಚಿಟಿಕೆಗಿಂತ ಕಡಿಮೆ. ಕೈ ಧಾರಾಳವಾದರೆ ಮರಿಯೇ ಹೋಗುತ್ತದೆ. ಯಾವುದನ್ನೇ ಇಟ್ಟರೂ ಜೇನು ಕೊಠಡಿ ಪೆಟ್ಟಿಗೆಯ ಮೇಲೆ ಇರಬಾರದು. ಕೀಟನಾಶಕದಲ್ಲಿ ಮರದ ಪಟ್ಟಿ ನೆನೆಸಿ ತೂಗುಹಾಕುವ ನಾಟಿ ಉಪಾಯ ಬೇಡವೇ ಬೇಡ: ಅಳತೆಯಿಲ್ಲದ ವಿಷ ಮೇಣದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ನುಸಿ ಅದಕ್ಕೆ ಒಗ್ಗಿಯೂ ಬಿಡುತ್ತದೆ.

ಗಂಡುಮರಿಯ ಬಲೆ ಇವೆಲ್ಲಕ್ಕಿಂತ ಅಗ್ಗ. ಸಂಸಾರ ಕೊಠಡಿಯ ಅಂಚಿಗೆ ಮೇಣದ ಹಾಳೆ ಇಲ್ಲದ ಚೌಕಟ್ಟು ಕೊಡಿ, ಬಲಿತ ಕುಟುಂಬ ಅದರಲ್ಲಿ ಗಂಡು ಕಣ ಕಟ್ಟುತ್ತದೆ. 14ನೇ ದಿನದಿಂದ ನೋಡುತ್ತಾ ಇರಿ. ಮುಕ್ಕಾಲು ಪಾಲು ಮುಚ್ಚಿದೊಡನೆ ಕತ್ತರಿಸಿ ಫ್ರೀಜರ್‌ಗೆ ಹಾಕಿ. 21 ದಿನ ದಾಟಬೇಡಿ. ಮರೆತು 24 ದಾಟಿದರೆ ನುಸಿಗೆ ನೀವೇ ಹೆರಿಗೆ ಆಸ್ಪತ್ರೆ ಕಟ್ಟಿಸಿದ ಹಾಗೆ.

ಊರಿನ ಕಾಲಮಾನ

ಹುಚ್ಚೆಳ್ಳು ಹೂ ಬಿಡುವ ಅಕ್ಟೋಬರ್–ನವೆಂಬರ್‌ನಿಂದ ಮರಿ ಏರುತ್ತದೆ, ಹೆಜ್ಜೇನೂ ಆಗಲೇ ನಗರಕ್ಕೆ ಬರುತ್ತದೆ. ಹೊಂಗೆ, ನೇರಳೆಯ ಮಾರ್ಚ್–ಏಪ್ರಿಲ್ ಜೇನಿನ ಕಾಲ, ಆಗ ಎಣಿಕೆ ಮಾತ್ರ. ಮಳೆಗಾಲದಲ್ಲಿ ಹೂ ಕಡಿಮೆ, ಮರಿ ತಾನಾಗಿಯೇ ಕುಗ್ಗುತ್ತದೆ. ರಾಣಿಯನ್ನು ಪಂಜರದಲ್ಲಿಡಲು ಜೇನು ತೆಗೆದ ನಂತರದ ಜೂನ್ ಮೊದಲ ವಾರಗಳು ಒಳ್ಳೆಯವು, ಸಕ್ಕರೆ ಪಾಕ ಮಾತ್ರ ತಪ್ಪಿಸಬಾರದು.

ಅಪಾರ್ಟ್‌ಮೆಂಟಿನವರು ಹೆಜ್ಜೇನು ಕೀಳಿಸಿ ಮರಿ ತುಂಬಿದ ಎರಿಯನ್ನು ಕಸದ ರಾಶಿಗೆ ಎಸೆಯುವುದು ಈ ಊರಿನ ಮಾಮೂಲು ದೃಶ್ಯ. ಎರಿಯಲ್ಲಿ ಉಳಿದ ಜೇನಿಗೆ ಸುತ್ತಲಿನ ಪೆಟ್ಟಿಗೆಗಳ ನೊಣ ಮುತ್ತುತ್ತವೆ, ಮರಿ ಜೀವಂತ ಇರುವಷ್ಟು ಹೊತ್ತು ಟ್ರೊಪಿಲೀಲಾಪ್ಸ್ ಅಲ್ಲಿ ಕಾದಿರುತ್ತದೆ. ಹಾಗೆ ಬಿದ್ದದ್ದು ಕಂಡರೆ ಅದೇ ಸಂಜೆ ಒಂದಡಿ ಆಳಕ್ಕೆ ಹೂತುಬಿಡಿ, ಮೂರು ವಾರದ ಮೇಲೆ ನಿಮ್ಮ ಪೆಟ್ಟಿಗೆಯ ಚೌಕಟ್ಟನ್ನು ಟ್ರೇಗೆ ಬಡಿದು ನೋಡಿ.